ಹೆಸರು ಗೊತ್ತಿದ್ದೂ ಕೂಗದ ಹುಡುಗ: ‘ದಿ ನೆವರೆಂಡಿಂಗ್ ಸ್ಟೋರಿ’

ಉತ್ತರಕುಮಾರನ ಪೌರುಷ ಒಲೆಯ ಮುಂದೆ ಅನ್ನುತ್ತೇವಲ್ಲ, ಅವನು ಮೊದಲು ಕೊಚ್ಚಿಕೊಂಡು ಆಮೇಲೆ ರಥ ಬಿಟ್ಟು ಓಡಿದವನು. ಅರ್ಜುನ ಬೆನ್ನಟ್ಟಿ ಹಿಡಿದು ತಂದ. ಮಿಖಾಯೆಲ್ ಎಂಡೆ 1979ರಲ್ಲಿ ಜರ್ಮನ್‌ನಲ್ಲಿ ಬರೆದ ಈ ಕಾದಂಬರಿಯ ಬಾಸ್ಟಿಯನ್ ಕೊಚ್ಚಿಕೊಂಡವನಲ್ಲ, ಅವನನ್ನು ಎಳೆದು ತರುವವರೂ ಇಲ್ಲ. ಶಾಲೆಯ ಅಟ್ಟದಲ್ಲಿ, ಕದ್ದ ಪುಸ್ತಕ ಹಿಡಿದು ಕೂತಿದ್ದಾನೆ. ಪುಸ್ತಕದೊಳಗಿನ ರಾಜ್ಯ ಉಳಿಯಬೇಕಾದರೆ ಮನುಷ್ಯರ ಮಗುವೊಂದು ಅಲ್ಲಿನ ಪುಟ್ಟ ಮಹಾರಾಣಿಗೆ ಹೊಸ ಹೆಸರಿಡಬೇಕು. ಹೆಸರು ಅವನ ನಾಲಗೆಯ ತುದಿಯಲ್ಲೇ ಇದೆ. ಆದರೂ ಕೂಗುವುದಿಲ್ಲ. ವೀರನಿಗಾಗಿ ಕಾದವರ ಎದುರು ತನ್ನಂಥ ದಪ್ಪ, ಬಿಳಿಚಿದ ಹುಡುಗ ಹೋಗಿ ನಿಂತರೆ ಹೇಗೆ ಎಂಬ ನಾಚಿಕೆ ಅವನಿಗೆ. ಹತ್ತು ವರ್ಷದ ಮಕ್ಕಳಿಗೆ ಈ ನಾಚಿಕೆ ಚೆನ್ನಾಗಿ ಗೊತ್ತು.

ಹನ್ನೆರಡನೆಯ ಅಧ್ಯಾಯವನ್ನು ಗಮನಿಸಿ. ಆ ರಾಜ್ಯದ ಕಥೆಯನ್ನೆಲ್ಲ ಬರೆದಿಡುವ ‘ಅಲೆಯುವ ಬೆಟ್ಟದ ಮುದುಕ’ನಿಂದ ಮಹಾರಾಣಿ ಕಥೆಯನ್ನು ಮೊದಲಿನಿಂದ ಹೇಳಿಸುತ್ತಾಳೆ. ಹುಡುಗ ಪುಸ್ತಕದಂಗಡಿಗೆ ನುಗ್ಗಿದ ಕ್ಷಣದಿಂದ ಶುರುವಾಗಿ ಕಥೆ ಮುದುಕನ ತನಕ ಬರುತ್ತದೆ, ಮತ್ತೆ ಅಂಗಡಿಗೆ ಹೋಗುತ್ತದೆ. ಗಾಣದ ಎತ್ತಿನ ಸುತ್ತು. ಬಾಸ್ಟಿಯನ್ ಬಾಯಿ ಬಿಡುವ ತನಕ ಅದು ನಿಲ್ಲದು. ಹಿಂಜರಿಕೆಯನ್ನು ಕಥೆಯ ಕಟ್ಟಡಕ್ಕೇ ಕಟ್ಟಿಹಾಕಿದ ಇಂಥ ಜಾಣ್ಮೆ ಅಪರೂಪ.

ಕೊಳ್ಳುವಾಗ ಎರಡು ಶಾಯಿಯ ಪ್ರತಿಯನ್ನೇ ಹುಡುಕಿ. ನಮ್ಮ ಲೋಕ ಕೆಂಪು, ಒಳಗಿನ ರಾಜ್ಯ ಹಸಿರು. ಒಂದೇ ಬಣ್ಣದ ಪ್ರತಿಗಳಲ್ಲಿ ವ್ಯತ್ಯಾಸ ತೋರಿಸಲು ಓರೆ ಅಕ್ಷರ ಹಾಕಿರುತ್ತಾರೆ, ಮಕ್ಕಳ ಕಣ್ಣು ಅದನ್ನು ಹಿಡಿಯುವುದಿಲ್ಲ. ಮುಂಬೈ ಫೋರ್ಟ್‌ನ ಫುಟ್‌ಪಾತಿನಲ್ಲಿ ಹಳೆಯ ಪ್ರತಿ ಕಂಡರೆ ಮೊದಲರ್ಧವನ್ನೇ ತೆರೆದು ನೋಡಿ. ಬಾಸ್ಟಿಯನ್ ಒಳಗೆ ಹೋದ ಮೇಲೆ ಹೆಚ್ಚುಕಡಿಮೆ ಕೊನೆಯ ತನಕ ಹಸಿರೊಂದೇ ಇರುತ್ತದೆ, ಅಲ್ಲಿ ತೆರೆದರೆ ಏನೂ ತಿಳಿಯದು.

ರಾಲ್ಫ್ ಮ್ಯಾನ್‌ಹೈಮ್ ಅವರ ಇಂಗ್ಲಿಷ್ ಅನುವಾದ 1983ರದು. ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಅದನ್ನು ಕನ್ನಡ ಮಾಡುತ್ತ ಓದಿ ಹೇಳುವವರು ಎರಡು ಕಡೆ ಎಡವುತ್ತಾರೆ. ರಾಜ್ಯವನ್ನು ನುಂಗುವ ‘ನಥಿಂಗ್’ಗೆ ‘ಶೂನ್ಯ’ ಅನ್ನಬೇಡಿ. ಮರಾಠಿ ಶಾಲೆಯ ಮಗುವಿಗೆ ಅದು ಗಣಿತದ ಸೊನ್ನೆ, ವಚನ ಕೇಳಿ ಬೆಳೆದವರಿಗೆ ಅದು ಅಲ್ಲಮನ ದೊಡ್ಡ ಮಾತು. ‘ಇಲ್ಲ’ ಸಾಕು: “ಕಾಡನ್ನು ಇಲ್ಲ ನುಂಗಿತು.” ಇನ್ನೊಂದು, ಬಾಸ್ಟಿಯನ್ ಕೊರಳಿಗೆ ಬರುವ ಮಹಾರಾಣಿಯ ಪದಕದ ಮೇಲಿನ ಬರಹ. ‘ನಿನಗಿಷ್ಟ ಬಂದ ಹಾಗೆ ಮಾಡು’ ಅಂದರೆ ನಮ್ಮ ಮನೆಗಳಲ್ಲಿ ಅದು ಬೈಗುಳ. ‘ನೀನು ಬಯಸಿದ್ದನ್ನು ಮಾಡು’ ಎಂದಿರಲಿ. ಆ ಬಯಕೆ ಯಾವುದೆಂಬುದನ್ನು ಮುಂದೆ ಬಣ್ಣಬಣ್ಣದ ಸಿಂಹವೇ ಬಿಡಿಸಿ ಹೇಳುತ್ತದೆ. ಎ ಇಂದ ಝಡ್ ತನಕ ಒಂದೊಂದು ಅಕ್ಷರದಿಂದ ಶುರುವಾಗುವ 26 ಅಧ್ಯಾಯಗಳ ಆಟ ಮಾತ್ರ ಕನ್ನಡದಲ್ಲಿ ಕೈತಪ್ಪುತ್ತದೆ. ಅಧ್ಯಾಯದ ಮೊದಲಲ್ಲಿರುವ ಚಿತ್ರಾಕ್ಷರ ತೋರಿಸಿ ಮುಂದೆ ಹೋಗಿ.

1984ರ ಸಿನಿಮಾ ಮೊದಲರ್ಧಕ್ಕೇ ಮುಗಿಯುತ್ತದೆ. ಅದನ್ನು ನೋಡಿ ಪುಸ್ತಕವನ್ನೂ ಅಲ್ಲಿಗೇ ಬಿಟ್ಟರೆ ನಷ್ಟ. ಹಿಂಜರಿದವನಿಗೆ ಅಧಿಕಾರ ಸಿಕ್ಕಿದಾಗ ಏನಾಗುತ್ತಾನೆ ಎಂಬುದೆಲ್ಲ ಎರಡನೆಯ ಅರ್ಧದಲ್ಲಿದೆ. ಒಂದೊಂದು ಬಯಕೆ ಈಡೇರಿದಾಗಲೂ ಒಂದೊಂದು ನೆನಪು ಹೋಗುತ್ತದೆ. ಇಪ್ಪತ್ತನೆಯ ಅಧ್ಯಾಯದ ಆಸುಪಾಸು ಕಥೆ ಜಗ್ಗುತ್ತದೆ, ಅಲ್ಲಿ ದಿನಕ್ಕೆ ಎರಡು ಅಧ್ಯಾಯ ಓದಿಬಿಡಿ.

ಒಂಬತ್ತು ವರ್ಷ ದಾಟಿದ ಮಕ್ಕಳಿಗೆ ಸರಿ. ಮೂರನೆಯ ಅಧ್ಯಾಯದಲ್ಲಿ, ಒಳಗಿನ ರಾಜ್ಯದ ವೀರ ಹುಡುಗ ಅಟ್ರೇಯುವಿನ ಕುದುರೆ ಅವನೊಂದಿಗೆ ಮಾತಾಡುತ್ತಲೇ ಕೆಸರಿನಲ್ಲಿ ಮುಳುಗುತ್ತದೆ. ಅದನ್ನು ಮಲಗುವ ಹೊತ್ತಿಗೆ ಓದಬೇಡಿ, ರಜೆಯ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.