ಒಂದೇ ಸೂಪರ್ಬ್, ಮೂರು ಗೇರ್‌ಬಾಕ್ಸ್: ಬೂಸ್ಟ್ ಏರಿಸಿದರೆ ತಡೆಯುವುದು ಯಾವುದು?

2016ರಲ್ಲಿ ಸ್ಕೋಡಾ ಸೂಪರ್ಬ್ ಹೊಸ ರೂಪದಲ್ಲಿ ಭಾರತಕ್ಕೆ ಬಂದಾಗ ಅದರ 1.8 ಟಿಎಸ್‌ಐ ಪೆಟ್ರೋಲ್ ಎಂಜಿನ್‌ನ ವಿವರಪಟ್ಟಿಯಲ್ಲಿ ವಿಚಿತ್ರವೆನಿಸುವ ಒಂದು ಸಂಗತಿ ಇತ್ತು. ಮ್ಯಾನುವಲ್ ಆಗಲಿ ಆಟೊಮ್ಯಾಟಿಕ್ ಆಗಲಿ, ಶಕ್ತಿ 180 ಪಿಎಸ್ (ಅಶ್ವಶಕ್ತಿಯ ಅಳತೆ). ಆದರೆ ಮ್ಯಾನುವಲ್ ಕಾರಿಗೆ 320 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ; 7 ಗೇರ್‌ಗಳ ಡಿಎಸ್‌ಜಿ (ಎರಡು ಕ್ಲಚ್‌ಗಳ ಆಟೊಮ್ಯಾಟಿಕ್) ಕಾರಿಗೆ 250 ಎನ್‌ಎಂ ಮಾತ್ರ. ಅದೇ ಎಂಜಿನ್, ಅದೇ ಟರ್ಬೊ (ಎಂಜಿನ್‌ಗೆ ಒತ್ತಡದಲ್ಲಿ ಗಾಳಿ ತುಂಬುವ ಸಾಧನ; ಆ ಒತ್ತಡವೇ ಬೂಸ್ಟ್). ಪಕ್ಕದಲ್ಲಿ ಕುಳಿತಿರುವ ಗೇರ್‌ಬಾಕ್ಸ್ ಹೊರಬಲ್ಲ ಹೊರೆ ಅಷ್ಟೇ ಆದದ್ದರಿಂದ ತಯಾರಕರೇ ಎಂಜಿನ್‌ಗೆ ಕಡಿವಾಣ ಹಾಕಿದ್ದರು.

ಬೆಂಗಳೂರಿನಲ್ಲಿ ಇಂಥ ಕಾರುಗಳಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು) ಮಾಡಿಸುವವರು ಬಹಳ. ಎಲ್ಲರೂ ಮೊದಲು ಕೇಳುವುದು ‘ಎಷ್ಟು ಪಿಎಸ್ ಸಿಗುತ್ತದೆ?’ ಎಂದು. ‘2,000 ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್ ಬರುತ್ತದೆ, ಅದನ್ನು ಹೊರುವ ಗೇರ್‌ಬಾಕ್ಸ್ ಯಾವುದು?’ ಎಂದು ಕೇಳುವವರು ವಿರಳ. ಗೇರ್‌ಬಾಕ್ಸ್ ಹಾಳಾಗುವುದು ಟಾರ್ಕ್‌ನಿಂದಲೇ ಹೊರತು ಪಿಎಸ್ ಅಂಕಿಯಿಂದಲ್ಲ. ನನ್ನ ಬಳಿ ಮ್ಯಾನುವಲ್ 1.8 ಇದೆ, ಭಾವನ ಬಳಿ ಡಿಎಸ್‌ಜಿ 1.8, ಸಹೋದ್ಯೋಗಿಯೊಬ್ಬರ ಬಳಿ 2.0 ಟಿಡಿಐ ಡೀಸೆಲ್. ಮೂರಕ್ಕೂ ರೀಮ್ಯಾಪ್ ಆಗಿದೆ. ಮೂರನ್ನೂ ನೈಸ್ ರಸ್ತೆಯ ಏರಿನಲ್ಲಿ, ಶಿರಾಡಿ ಘಾಟಿಯಲ್ಲಿ ಮತ್ತು ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಓಡಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮುಂಚಕ್ರ ಚಾಲನೆಯ ಕಾರಿನಲ್ಲಿ ಈ ಪ್ರಶ್ನೆ ಇಷ್ಟು ಬಿಗಿಯಾಗುವುದಕ್ಕೆ ಜಾಗದ ಅಭಾವವೇ ಕಾರಣ. ಎಂಜಿನ್ ಅಡ್ಡಡ್ಡಲಾಗಿ ಕೂರುತ್ತದೆ. ಎರಡು ಮುಂಚಕ್ರಗಳ ನಡುವೆ ಉಳಿದ ಜಾಗದಲ್ಲಿ ಕ್ಲಚ್, ಗೇರ್‌ಗಳು, ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಎಲ್ಲವೂ ಒಂದೇ ಕವಚದೊಳಗೆ ಹಿಡಿಸಬೇಕು. ಹಿಂಚಕ್ರ ಚಾಲನೆಯ ಐಷಾರಾಮಿ ಕಾರಿನಲ್ಲಿ ಗೇರ್‌ಬಾಕ್ಸ್ ಹಿಂದಕ್ಕೆ ಚಾಚಿಕೊಳ್ಳಬಹುದು. ಇಲ್ಲಿ ಪ್ರತಿ ಗೇರ್‌ನ ಅಗಲವನ್ನೂ ಮಿಲಿಮೀಟರ್ ಲೆಕ್ಕದಲ್ಲಿ ಉಳಿಸಬೇಕಾಗುತ್ತದೆ.

ಮೊದಲು ಮ್ಯಾನುವಲ್. ಇದರಲ್ಲಿರುವುದು 6 ಗೇರ್‌ಗಳ ಎಂಕ್ಯೂ350. ಹೆಸರಿನ ಅಂಕಿಯೇ ಇದರ ಟಾರ್ಕ್ ಮಿತಿಯನ್ನು ಹೇಳುತ್ತದೆ: 350 ಎನ್‌ಎಂ. ನನ್ನ ರೀಮ್ಯಾಪ್ ಸುಮಾರು 370 ಎನ್‌ಎಂ ಕೊಡುತ್ತದೆ. ಗೇರ್‌ಗಳು ಇದುವರೆಗೆ ಒಂದು ಅಪಸ್ವರವನ್ನೂ ಹೊರಡಿಸಿಲ್ಲ. ಮೊದಲು ಸೋತದ್ದು ಕ್ಲಚ್. ಶಿರಾಡಿಯ ಏರಿನಲ್ಲಿ 4ನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು 2,600ರಿಂದ 3,200ಕ್ಕೆ ಜಿಗಿಯಿತು, ಸ್ಪೀಡೋಮೀಟರ್ ಮಾತ್ರ ಅಲುಗಲಿಲ್ಲ. ಹಿಂದೆಯೇ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ನನಗೆ ಇದು ಸಮಾಧಾನದ ವಿಷಯ. ಮನೆಯ ಫ್ಯೂಸ್ ಇದ್ದಂತೆ, ದುಬಾರಿ ಭಾಗಕ್ಕೆ ಪೆಟ್ಟು ಬೀಳುವ ಮೊದಲೇ ಕ್ಲಚ್ ಜಾರಿ ಎಚ್ಚರಿಸುತ್ತದೆ. ಬಲವಾದ ಕ್ಲಚ್ ಹಾಕಿಸಿದೆ, ಕಾರ್ಖಾನೆಯ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್‌ನ ನಡುಕ ಹೀರುವ, ಎರಡು ಭಾಗಗಳ ಭಾರದ ಚಕ್ರ) ಅನ್ನು ಹಾಗೆಯೇ ಉಳಿಸಿಕೊಂಡೆ. ಸಿಂಗಲ್ ಮಾಸ್ ಹಾಕಿಸಿದರೆ ಖರ್ಚು ಕಡಿಮೆ, ಆದರೆ ಸಿಗ್ನಲ್‌ನಲ್ಲಿ ನಿಂತಾಗಲೆಲ್ಲ ಗೇರ್‌ಬಾಕ್ಸ್ ಗಲಗಲ ಎನ್ನುತ್ತದೆ. ಸೂಪರ್ಬ್‌ನಂಥ ಮೌನವಾದ ಕಾರಿನಲ್ಲಿ ಆ ಸದ್ದು ಸಹಿಸಲಾಗದು.

ಇನ್ನೊಂದು ಕಾಳಜಿ ಚಕ್ರಗಳದು. ಒದ್ದೆ ರಸ್ತೆಯಲ್ಲಿ 1 ಮತ್ತು 2ನೇ ಗೇರ್‌ನಲ್ಲಿ ಮುಂಚಕ್ರ ಸುಮ್ಮನೆ ತಿರುಗಿಬಿಟ್ಟರೆ ಗೇರ್‌ಬಾಕ್ಸ್‌ಗೆ ಅಷ್ಟೇನೂ ತೊಂದರೆಯಿಲ್ಲ. ಆದರೆ ಹಿಡಿತ ಸಿಕ್ಕಿ, ಬಿಟ್ಟು, ಮತ್ತೆ ಸಿಕ್ಕಿ ಚಕ್ರ ಕುಪ್ಪಳಿಸತೊಡಗಿದರೆ ಪ್ರತಿ ಕುಪ್ಪಳವೂ ಡಿಫರೆನ್ಷಿಯಲ್ ಮೇಲೆ ಸುತ್ತಿಗೆಯೇಟಾಗುತ್ತದೆ. ಎಂಜಿನ್ ಹಿಂದೆ-ಮುಂದೆ ಅಲುಗದಂತೆ ಕೆಳಗಿನಿಂದ ಹಿಡಿಯುವ ಡಾಗ್‌ಬೋನ್ ಮೌಂಟ್‌ಗೆ ಗಟ್ಟಿ ರಬ್ಬರ್ ಹಾಕಿಸಿದ ಮೇಲೆ ನನ್ನ ಕಾರಿನಲ್ಲಿ ಇದು ಬಹುಪಾಲು ನಿಂತಿತು.

ಇನ್ನು ಭಾವನ ಕಾರಿನ 7 ಗೇರ್‌ಗಳ ಡಿಎಸ್‌ಜಿ, ಡಿಕ್ಯೂ200. ಇದರ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ. ಸುಮಾರು 70 ಕಿಲೋ ತೂಕದ ಹಗುರ ಪೆಟ್ಟಿಗೆ, ಒಳಗೆ ಎರಡು ಒಣ ಕ್ಲಚ್. ಬೆಸ ಸಂಖ್ಯೆಯ ಗೇರ್‌ಗಳನ್ನು ಒಂದು ಕ್ಲಚ್ ನೋಡಿಕೊಳ್ಳುತ್ತದೆ, ಸಮ ಸಂಖ್ಯೆಯವನ್ನೂ ರಿವರ್ಸ್ ಅನ್ನೂ ಇನ್ನೊಂದು. ಎಣ್ಣೆಯಲ್ಲಿ ಮುಳುಗಿಲ್ಲದ ಕಾರಣ ಇಂಧನ ಉಳಿಯುತ್ತದೆ, ಆದರೆ ಕ್ಲಚ್‌ನಲ್ಲಿ ಹುಟ್ಟುವ ಬಿಸಿಯನ್ನು ಹೊತ್ತೊಯ್ಯಲು ಗಾಳಿಯ ಹೊರತು ಬೇರೇನೂ ಇಲ್ಲ. ಮಿತಿ 250 ಎನ್‌ಎಂ. ಈ ಗೇರ್‌ಬಾಕ್ಸ್‌ಗೆ 2013 ಕಷ್ಟದ ವರ್ಷವಾಗಿತ್ತು. ಚೀನಾದಲ್ಲಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ವರ್ಷದ ಕೊನೆಗೆ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಲ್ಲಿ ಗೇರ್‌ಗಳಿಗೆ ಹಾಕಿದ್ದ ಸಿಂಥೆಟಿಕ್ ಎಣ್ಣೆ ತೆಗೆದು ಖನಿಜ ಎಣ್ಣೆ ತುಂಬಲಾಯಿತು. ಅದು ಆ ಎಣ್ಣೆಯಿಂದ ಗೇರ್‌ಬಾಕ್ಸ್‌ನ ವಿದ್ಯುತ್ ಪೂರೈಕೆಯಲ್ಲಿ ಆಗಬಹುದಾದ ದೋಷದ ವಿಷಯ, ಟಾರ್ಕ್‌ನದಲ್ಲ. ಎರಡನ್ನೂ ಬೆರೆಸಿ ಮಾತನಾಡುವುದು ಸರಿಯಲ್ಲ.

ಭಾವನ ಕಾರಿಗೆ ಮೊದಲು ಟ್ಯೂನರ್ (ರೀಮ್ಯಾಪ್ ಮಾಡುವವರು) ಒಬ್ಬರು ಸಿದ್ಧ ರೀಮ್ಯಾಪ್ ಫೈಲ್ ಹಾಕಿಕೊಟ್ಟಿದ್ದರು: 2,000 ಆರ್‌ಪಿಎಂ ಹೊತ್ತಿಗೇ 330 ಎನ್‌ಎಂ. ಹೆದ್ದಾರಿಯಲ್ಲಿ ಆ ಎಳೆತ ಖುಷಿ ಕೊಡುತ್ತಿತ್ತು. ಸಂಜೆಯ ದಟ್ಟಣೆಗೆ ಸಿಕ್ಕರೆ ಮಾತ್ರ 1ರಿಂದ 2ಕ್ಕೆ ಹೋಗುವಾಗ ಸ್ಟೀರಿಂಗ್‌ವರೆಗೂ ತಲುಪುವ ನಡುಕ. ಡಯಾಗ್ನೋಸ್ಟಿಕ್ ಕೇಬಲ್ ಹಾಕಿ ನೋಡಿದರೆ ಸಮ ಗೇರ್‌ಗಳ ಕ್ಲಚ್‌ನ ತಾಪಮಾನ ಇನ್ನೊಂದಕ್ಕಿಂತ ಸದಾ ಮೇಲಿರುತ್ತಿತ್ತು. ‘ಭಾವ, ನೀವು ಹೆಚ್ಚಿನ ಟಾರ್ಕ್ ಕೇಳುತ್ತಿರುವುದು ಅದು ಹೊರಲಾಗದ ಜಾಗದಲ್ಲಿ’ ಎಂದು ಹೇಳಿ, ಬೇರೆ ಟ್ಯೂನರ್ ಬಳಿ ಕೂತು ಟಾರ್ಕ್ ರೇಖೆಯನ್ನೇ (ಯಾವ ಆರ್‌ಪಿಎಂನಲ್ಲಿ ಎಷ್ಟು ಟಾರ್ಕ್ ಎಂದು ತೋರಿಸುವ ನಕ್ಷೆ) ಬದಲಿಸಿಕೊಂಡೆವು.

ಇಲ್ಲಿ ಸ್ವಲ್ಪ ಲೆಕ್ಕ. ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 250 ಎನ್‌ಎಂ ಅನ್ನು 5,100 ಆರ್‌ಪಿಎಂವರೆಗೆ ಹಿಡಿದಿಟ್ಟರೆ ಹೆಚ್ಚೂಕಡಿಮೆ 180 ಪಿಎಸ್. ಕಾರ್ಖಾನೆಯ ಡಿಎಸ್‌ಜಿ ಕಾರು ಮಾಡುವುದು ಇದನ್ನೇ. ಅದೇ 250 ಅನ್ನು 6,000ದವರೆಗೆ ಹಿಡಿದಿಟ್ಟರೆ ಸುಮಾರು 214 ಪಿಎಸ್! ಅಂದರೆ ಗೇರ್‌ಬಾಕ್ಸ್‌ನ ಮಿತಿ ಮೀರದೆಯೇ 30 ಪಿಎಸ್‌ಗೂ ಹೆಚ್ಚು ಸಿಗಲು ಸಾಧ್ಯವಿದೆ. ಬೇಕಾದದ್ದು ಬೂಸ್ಟ್ ಅನ್ನು ಕೆಳಗಡೆ ತಡೆದು ಮೇಲ್ಗಡೆ ಬಿಡುವ ತಾಳ್ಮೆ. ನಾವು 1 ಮತ್ತು 2ನೇ ಗೇರ್‌ಗೆ 250 ಎನ್‌ಎಂ ಎಂದು, 3ರಿಂದ ಮೇಲಕ್ಕೆ ಮಿತಿಯನ್ನು ತುಸು ದಾಟಿ ಗರಿಷ್ಠ 280 ಎಂದು ಬರೆಸಿದೆವು. ಆರಂಭದ ಧುಮುಕು ಇಲ್ಲವಾಯಿತು, ಭಾವನಿಗೆ ಅದು ಸ್ವಲ್ಪ ಬೇಸರವೇ. ಆದರೆ ನಡುಕ ನಿಂತಿದೆ, ಎರಡು ಕ್ಲಚ್‌ಗಳ ತಾಪಮಾನವೂ ಸಮೀಪಕ್ಕೆ ಬಂದಿದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಓವರ್‌ಟೇಕ್ ಮಾಡುವಾಗ ಕಾರು ಮೊದಲಿನಷ್ಟೇ ಚುರುಕು.

ಸಹೋದ್ಯೋಗಿಯ ಟಿಡಿಐನಲ್ಲಿರುವುದು 6 ಗೇರ್‌ಗಳ ಡಿಕ್ಯೂ250. ಇದು ಹಳಬ, 2003ರಲ್ಲೇ ಗಾಲ್ಫ್ ಆರ್32ನಲ್ಲಿ ಬಂದದ್ದು. ತೂಕ 90 ಕಿಲೋಗೂ ಹೆಚ್ಚು, ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿವೆ, ಆ ಎಣ್ಣೆಗೆ ಪ್ರತ್ಯೇಕ ಕೂಲರ್ ಇದೆ. ನಮ್ಮಲ್ಲಿ 177 ಪಿಎಸ್, 350 ಎನ್‌ಎಂ ಕೊಟ್ಟಿದ್ದರೂ ಯುರೋಪಿನ 190 ಪಿಎಸ್ ಸೂಪರ್ಬ್‌ನಲ್ಲಿ ಇದೇ ಗೇರ್‌ಬಾಕ್ಸ್ ಕಾರ್ಖಾನೆಯಿಂದಲೇ 400 ಎನ್‌ಎಂ ಹೊರುತ್ತಿತ್ತು. ಆದ್ದರಿಂದ ಅವರ ರೀಮ್ಯಾಪ್ ಕೂಡ 400ಕ್ಕೇ ನಿಂತಿದೆ. ಇಲ್ಲಿ ಮುಖ್ಯವಾದ ಅನುಕೂಲವೆಂದರೆ ಗೇರ್‌ಬಾಕ್ಸ್‌ನ ಕಂಪ್ಯೂಟರ್‌ಗೂ ಹೊಸ ಸಾಫ್ಟ್‌ವೇರ್ ಹಾಕಿ ಕ್ಲಚ್ ಒತ್ತಡ ಹೆಚ್ಚಿಸಬಹುದು. ಅದನ್ನು ಮಾಡಿಸದಿದ್ದರೆ ಗೇರ್‌ಬಾಕ್ಸ್ ತಾನೇ ಎಂಜಿನ್‌ಗೆ ‘ಟಾರ್ಕ್ ಇಳಿಸು’ ಎಂದು ಸಂದೇಶ ಕಳುಹಿಸುತ್ತದೆ, ರೀಮ್ಯಾಪ್‌ಗೆ ಕೊಟ್ಟ ಹಣದಲ್ಲಿ ಅರ್ಧ ವ್ಯರ್ಥವಾಗುತ್ತದೆ. ದಟ್ಟಣೆಯಲ್ಲಿ, ಘಾಟಿಯಲ್ಲಿ, ನಾಲ್ಕು ಜನ ಮತ್ತು ಸಾಮಾನು ತುಂಬಿದಾಗ ಮೂರರಲ್ಲಿ ಇದೇ ಅತ್ಯಂತ ನಿಶ್ಚಿಂತ ಗೇರ್‌ಬಾಕ್ಸ್. ಬೆಲೆ ತೆರಬೇಕಾದದ್ದು ಎಣ್ಣೆಯ ರೂಪದಲ್ಲಿ: 60,000 ಕಿಲೋಮೀಟರ್‌ಗೊಮ್ಮೆ ಎಣ್ಣೆ, ಫಿಲ್ಟರ್ ಎರಡೂ ಬದಲಾಗಲೇಬೇಕು. ಕ್ಲಚ್ ಸವೆದ ಪುಡಿ ಸೇರುವುದು ಅದೇ ಎಣ್ಣೆಗೆ. ಟಾರ್ಕ್ ಏರಿಸಿದ ಕಾರಿಗೆ ನಾನಾದರೆ 40,000ಕ್ಕೇ ಮಾಡಿಸುತ್ತೇನೆ.

2020ರ 2.0 ಟಿಎಸ್‌ಐ ಸೂಪರ್ಬ್ ಅನ್ನು ರೀಮ್ಯಾಪ್ ಇಲ್ಲದೆ ಮಾತ್ರ ಓಡಿಸಿದ್ದೇನೆ, ಹಾಗಾಗಿ ಅದಕ್ಕೆ ಇಲ್ಲಿ ಅಂಕ ಕೊಡುವುದಿಲ್ಲ. 190 ಪಿಎಸ್, 320 ಎನ್‌ಎಂ, ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ಗಳ 7 ಗೇರ್ ಡಿಕ್ಯೂ381. ಅದರ ಮಿತಿ 420 ಎನ್‌ಎಂ ಆದ್ದರಿಂದ ಕಾಗದದ ಮೇಲೆ 100 ಎನ್‌ಎಂ ಮಿಗಿಲಿದೆ.

ಬೂಸ್ಟ್ ಏರಿಸಲೇಬೇಕೆಂದು ಹಳೆಯ ಸೂಪರ್ಬ್ ಹುಡುಕುತ್ತಿರುವವರು ಮ್ಯಾನುವಲ್ 1.8 ಸಿಕ್ಕರೆ ಬಿಡಬೇಡಿ. ನಗರದ ಓಡಾಟವೇ ಹೆಚ್ಚೆಂದರೆ ಟಿಡಿಐ ನೋಡಿ. ಡಿಎಸ್‌ಜಿ 1.8 ಈಗಾಗಲೇ ಮನೆಯಲ್ಲಿದ್ದರೆ ಮಾರುವ ಅಗತ್ಯವಿಲ್ಲ. ಟ್ಯೂನರ್ ಬಳಿ ಪಿಎಸ್ ಅಂಕಿ ಕೇಳುವ ಬದಲು ಟಾರ್ಕ್ ರೇಖೆಯ ಮುದ್ರಿತ ಪ್ರತಿ ಕೇಳಿ ಪಡೆಯಿರಿ, 1 ಮತ್ತು 2ನೇ ಗೇರ್‌ನ ಮಿತಿ ಅದರಲ್ಲಿ ಬೇರೆಯಾಗಿ ನಮೂದಾಗಿದೆಯೇ ಎಂದು ನೋಡಿಕೊಂಡ ಮೇಲೆಯೇ ಕಾರಿನ ಕೀಲಿ ಕೊಡಿ.