ಪದ್ಮಿನಿಗೆ ಆಯಿಲ್ ಪ್ರೆಶರ್ ಗೇಜ್: ಮೆಕ್ಯಾನಿಕಲ್ಲಾ, ಎಲೆಕ್ಟ್ರಿಕ್ಕಾ?

ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಇಂಜಿನ್ ಹಳೇದಾದಷ್ಟೂ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಒಂದನ್ನೇ ನಂಬ್ಕೊಂಡು ಓಡಿಸ್ಬೇಡಿ, ಅದು ಹತ್ಕೊಳ್ಳೋ ಹೊತ್ತಿಗೆ ಆಯಿಲ್ ಪ್ರೆಶರ್ ಹೆಚ್ಚೂಕಮ್ಮಿ ಪೂರ್ತಿ ಬಿದ್ದೋಗಿರತ್ತೆ. ಪ್ರೆಶರ್ ಎಷ್ಟಿದೆ ಅಂತ ತೋರ್ಸೋ ಗೇಜ್ ಹಾಕ್ಸಿ.

ಮೆಕ್ಯಾನಿಕಲ್ ಗೇಜಲ್ಲಿ ಸಣ್ಣ ಪೈಪಲ್ಲಿ ಆಯಿಲ್ಲೇ ಡ್ಯಾಶ್‌ಬೋರ್ಡ್ ತನಕ ಬರತ್ತೆ, ಅದಕ್ಕೇ ಮುಳ್ಳು ತಕ್ಷಣ ಆಡತ್ತೆ, ಓದೋಕೆ ಕರೆಂಟ್ ಬೇಡ, ಆದ್ರೆ ಪೈಪ್ ಒಡೆದ್ರೆ ಬಿಸಿ ಆಯಿಲ್ ನೇರ ಕಾಲ್ಮೇಲೆ! ನೈಲಾನ್ ಬಿಟ್ಟು ತಾಮ್ರದ ಪೈಪ್ ಹಾಕ್ಸಿ, ಇಂಜಿನ್ ಹತ್ರ ಎರಡು ಸುತ್ತು ಸುತ್ತಿಸಿ, ಇಲ್ಲಾಂದ್ರೆ ವೈಬ್ರೇಶನ್‌ಗೆ ಸೀಳತ್ತೆ, ಪೈಪ್ ಹಾಯೋ ಬಾಡಿ ತೂತಲ್ಲಿ ರಬ್ಬರ್ ಗ್ರಾಮೆಟ್ (ಅಂಚು ತಾಗ್ದಂಗೆ ಹಾಕೋ ರಿಂಗ್) ಮರೀಬೇಡಿ.

ಎಲೆಕ್ಟ್ರಿಕ್ಕಲ್ಲಿ ಒಳಗೆ ಬರೋದು ವೈರ್ ಮಾತ್ರ. ಗೇಜ್, ಸೆಂಡರ್ (ಇಂಜಿನ್ನಲ್ಲಿ ಕೂತು ಪ್ರೆಶರ್ ಅಳೆಯೋ ಸೆನ್ಸರ್) ಎರಡೂ ಒಂದೇ ಸೆಟ್ ಆಗಿರ್ಲಿ, ಓಮ್ಸ್ (ರೆಸಿಸ್ಟೆನ್ಸ್) ಮ್ಯಾಚ್ ಆಗ್ದಿದ್ರೆ ರೀಡಿಂಗೇ ಸುಳ್ಳು. ಒಂದೇ ವೈರಿನ ಸೆಂಡರ್‌ಗೆ ಇಂಜಿನ್ನೇ ಅರ್ಥ್, ಥ್ರೆಡ್‌ಗೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದ್ರೆ ಅರ್ಥ್ ಕಟ್ ಆಗತ್ತೆ.

ದಿನಾ ಓಡಿಸೋರು ಎಲೆಕ್ಟ್ರಿಕ್ ತಗೊಳ್ಳಿ. ನಂಗಂತೂ ಮೆಕ್ಯಾನಿಕಲ್ಲೇ ಇಷ್ಟ, ಆ ಮುಳ್ಳಲ್ಲಿ ಇಂಜಿನ್ ಉಸಿರೇ ಕಾಣತ್ತೆ. T ಆಕಾರದ ಫಿಟ್ಟಿಂಗ್ ಹಾಕಿ ಹಳೇ ಕೆಂಪು ಲೈಟೂ ಉಳಿಸ್ಕೊಳ್ಳಿ. ಯಾವ್ದೇ ಆದ್ರೂ ಒರಿಜಿನಲ್ ಡ್ಯಾಶ್ ಮಾತ್ರ ಕೊರೀಬೇಡಿ ದಯವಿಟ್ಟು, ಕೆಳಗಡೆ ಬ್ರಾಕೆಟ್ ಹಾಕಿ 52 ಎಂಎಂ ಗೇಜ್ ಕೂರಿಸ್ಬೋದು.