ಪೆಟ್ರೋಲ್ ಕಾರಿನ ಫ್ಯೂಯೆಲ್ ಪಂಪ್: ಬರೀ ಮೋಟರ್ ಸಾಕೇ, ಇಡೀ ಅಸೆಂಬ್ಲಿ ಬೇಕೇ?

ಟ್ಯಾಂಕಿನೊಳಗಿನ ಫ್ಯೂಯೆಲ್ ಪಂಪ್ ಕೈಕೊಟ್ಟರೆ ಅಂಗಡಿಯಲ್ಲಿ ಮೂರು ಬಗೆಯ ಮಾಲು ಸಿಗುತ್ತದೆ. ಒಂದು, ಕಾರು ಕಂಪನಿಯ ಹೆಸರಿನಲ್ಲೇ ಬರುವ ಪೂರಾ ಅಸೆಂಬ್ಲಿ. ಮೋಟರ್, ಅದರ ಬಾಯಿಗೆ ಕಸ ಹೋಗದಂತೆ ತಡೆಯುವ ಜಾಲರಿ, ಒಳಗಿನ ಫಿಲ್ಟರ್, ಒತ್ತಡವನ್ನು ಹದದಲ್ಲಿಡುವ ಪ್ರೆಶರ್ ರೆಗ್ಯುಲೇಟರ್, ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟ್ ಎಲ್ಲವೂ ಸೇರಿದ್ದು. ಎರಡು, ಬಾಷ್‌ನಂಥ ಹೆಸರುವಾಸಿ ತಯಾರಕರ ಬರೀ ಮೋಟರ್. ಮೂರು, ಹೆಸರಿಲ್ಲದ ಬಿಳಿ ಡಬ್ಬಿಯ ಮೋಟರ್. ಆರೇಳು ವರ್ಷದೊಳಗಿನ ಕಾರಿನಲ್ಲಿ ಫ್ಲೋಟ್, ಪ್ಲಾಸ್ಟಿಕ್ ಚೌಕಟ್ಟು, ಕನೆಕ್ಟರ್ ಚೆನ್ನಾಗಿದ್ದರೆ ಎರಡನೆಯದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮಾಲು. ಹತ್ತು ವರ್ಷ ದಾಟಿದ ಕಾರಿಗೆ ಮೊದಲನೆಯದನ್ನೇ ಹಾಕಿಸಿ. ಮೂರನೆಯದನ್ನು ಯಾವ ಕಾರಿಗೂ ಬೇಡ.

ದುಡ್ಡು ಬಿಚ್ಚುವ ಮೊದಲು ಒಂದು ವಿಚಾರ ನೋಡಿಕೊಳ್ಳಿ. ಮಾರುತಿ ಸುಜುಕಿ 2020ರ ಜುಲೈನಲ್ಲಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ಫ್ಯೂಯೆಲ್ ಪಂಪ್ ಪರೀಕ್ಷೆಗೆ ವಾಪಸ್ ಕರೆಸಿತ್ತು. 2024ರ ಮಾರ್ಚ್‌ನಲ್ಲಿ, 2019ರ ಜುಲೈ 30ರಿಂದ ನವೆಂಬರ್ 1ರವರೆಗೆ ತಯಾರಾದ ಇದೇ ಎರಡು ಮಾದರಿಯ 16,041 ಕಾರುಗಳನ್ನು ಪಂಪ್ ಮೋಟರ್‌ನ ಒಂದು ಭಾಗಕ್ಕಾಗಿ ಮತ್ತೆ ಕರೆಸಿತು. ಹೋಂಡಾ 2024ರ ಅಕ್ಟೋಬರ್‌ನಲ್ಲಿ 90,468 ಹಳೆಯ ಕಾರುಗಳ ಪಂಪನ್ನು ಉಚಿತವಾಗಿ ಬದಲಿಸುವುದಾಗಿ ಹೇಳಿತು. ಅಲ್ಲಿ ದೋಷ ಇದ್ದದ್ದು ಇಂಪೆಲ್ಲರ್‌ನಲ್ಲಿ, ಅಂದರೆ ಪೆಟ್ರೋಲನ್ನು ಮೇಲಕ್ಕೆ ತಳ್ಳುವ ಪುಟ್ಟ ಪ್ಲಾಸ್ಟಿಕ್ ಚಕ್ರದಲ್ಲಿ. ಈ ಚಕ್ರಕ್ಕೂ ಅದರ ಸುತ್ತಲ ಗೂಡಿಗೂ ನಡುವೆ ಕೂದಲೆಳೆಯಷ್ಟೂ ಜಾಗ ಇರುವುದಿಲ್ಲ, ಅದು ಸ್ವಲ್ಪ ಊದಿಕೊಂಡರೂ ಗೋಡೆಗೆ ತಾಗಿ ನಿಂತುಬಿಡುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮ ಕಾರು ಇಂಥ ಪಟ್ಟಿಯಲ್ಲಿದೆಯೇ ಎಂದು ಗೊತ್ತಾಗುತ್ತದೆ. ಇದ್ದರೆ ಪಂಪು ಬಿಟ್ಟಿ. ಎರಡನೆಯ ಕೈಯಿಂದ ಕಾರು ಕೊಂಡವರಿಗೆ ಈ ಹಕ್ಕಿರುವುದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಇನ್ನು ಪಂಪು ನಿಜಕ್ಕೂ ಹೋಗಿದೆಯೇ? ಗ್ಯಾರೇಜುಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಸಾಯುತ್ತಿರುವ ಪಂಪು ಮೊದಲು ಸುಳಿವು ಕೊಡುವುದು ಏರಿನಲ್ಲಿ. ಸಮತಟ್ಟು ರಸ್ತೆಯಲ್ಲಿ ಸರಿಯಾಗಿ ಓಡುವ ಕಾರು ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಜನ ತುಂಬಿಕೊಂಡು ಹತ್ತುವಾಗ ಪಿಕಪ್ ಕಳೆದುಕೊಂಡು ಜರ್ಕ್ ಹೊಡೆಯುತ್ತದೆ. ಕಾಲು ತೆಗೆದರೆ ಸುಧಾರಿಸಿಕೊಳ್ಳುತ್ತದೆ. ಇಂಜಿನ್ ಹೆಚ್ಚು ಪೆಟ್ರೋಲ್ ಕೇಳಿದಾಗ ಪಂಪಿಗೆ ಕೊಡಲಾಗುವುದಿಲ್ಲ ಎಂಬುದೇ ಇದರ ಅರ್ಥ. ಎರಡನೆಯ ಸುಳಿವು, ಬಿಸಿಲಲ್ಲಿ ಒಂದೆರಡು ಗಂಟೆ ಓಡಿದ ಮೇಲೆ ಆಫ್ ಆಗಿ, ಅರ್ಧ ಗಂಟೆ ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುವುದು. ಮೂರನೆಯದು, ಹಿಂದಿನ ಸೀಟಿನ ಕೆಳಗಿನಿಂದ ದುಂಬಿ ಗುಂಯ್‌ಗುಟ್ಟಿದಂಥ ಸದ್ದು, ಅದೂ ಪೆಟ್ರೋಲ್ ಕಡಿಮೆ ಇದ್ದಾಗ ಜೋರು.

ಆದರೆ ಬಿಸಿಯಾದಾಗ ಆಫ್ ಆಗುವ ಕಾಯಿಲೆ, ಇಂಜಿನ್ ತಿರುಗುವುದನ್ನು ಕಾರಿನ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿಗೂ ಇದೆ. ಬೇರ್ಪಡಿಸುವುದು ಹೀಗೆ: ಕಾರು ನಿಂತ ಜಾಗದಲ್ಲೇ ಚಾವಿಯನ್ನು ಆನ್‌ಗೆ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ, ಹಿಂದಿನ ಸೀಟಿನತ್ತ ಕಿವಿಕೊಡಿ. ಹೆಚ್ಚಿನ ಕಾರುಗಳಲ್ಲಿ ಪಂಪು ಎರಡು ಸೆಕೆಂಡು ಗುಂಯ್ ಎಂದು ನಿಲ್ಲಬೇಕು. ಸದ್ದು ಬಂದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲ್ಲಾಡದೇ ಇದ್ದರೆ ಮೊದಲು ಕ್ರ್ಯಾಂಕ್ ಸೆನ್ಸರ್ ನೋಡಿಸಿ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚು. ಹಾರ್ನ್ ರಿಲೇ ಅದೇ ನಂಬರಿನದಾದರೆ ಅದನ್ನು ತೆಗೆದು ಪಂಪಿನ ಜಾಗಕ್ಕೆ ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಐದಾರು ಸೆಕೆಂಡು ಸೆಲ್ಫ್ ಹೊಡೆಸಿಕೊಂಡು, ಚಾವಿಯನ್ನು ಮೂರು ಸಲ ಆನ್-ಆಫ್ ಮಾಡಿದ ಮೇಲೆ ಮಾತ್ರ ಪಟ್ಟನೆ ಹೊತ್ತಿಕೊಂಡರೆ, ಪೈಪಿನಲ್ಲಿ ನಿಂತಿರಬೇಕಾದ ಒತ್ತಡ ಇಳಿದುಹೋಗುತ್ತಿದೆ. ಪೆಟ್ರೋಲ್ ಹಿಂದಕ್ಕೆ ಇಳಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್ ಇರಬಹುದು, ರೆಗ್ಯುಲೇಟರ್ ಇರಬಹುದು, ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಸೋರುತ್ತಿರಲೂಬಹುದು.

ಕೊನೆಯ ತೀರ್ಪು ಪೆಟ್ರೋಲಿನ ಒತ್ತಡ ಅಳೆಯುವ ಗೇಜಿನದು. ಮಾಮೂಲಿ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಇರುವ) ಪೆಟ್ರೋಲ್ ಕಾರುಗಳಲ್ಲಿ ಒತ್ತಡ 3ರಿಂದ 4 ಬಾರ್ ನಡುವೆ ಇರುತ್ತದೆ, ಪಿಎಸ್‌ಐ ಗೇಜಿನಲ್ಲಿ 44ರಿಂದ 58. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಎಕ್ಸಲರೇಟರ್ ಒಮ್ಮೆಲೇ ಒತ್ತಿದಾಗ ಮುಳ್ಳು ಕೆಳಗೆ ಬೀಳಬಾರದು. ಗೇಜ್ ಹಾಕದೆ ಪಂಪು ಬದಲಿಸಿ ಎನ್ನುವ ಗ್ಯಾರೇಜಿಗೆ ಹೂಂ ಅನ್ನಬೇಡಿ. ಜೊತೆಗೆ ಪಂಪಿನ ಕನೆಕ್ಟರಿನಲ್ಲಿ, ಪಂಪು ತಿರುಗುತ್ತಿರುವಾಗಲೇ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಅಳೆಯಲಿ. ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟಿಗೂ ಮೀರಿ ಇಳಿದಿದ್ದರೆ ತಪ್ಪು ವೈರಿನಲ್ಲಿ ಅಥವಾ ಅರ್ಥಿಂಗ್‌ನಲ್ಲಿದೆ. ಅದನ್ನು ಸರಿಮಾಡದೆ ಹಾಕಿದ ಹೊಸ ಪಂಪೂ ಸೊರಗಿಯೇ ತಿರುಗುತ್ತದೆ. ಮೋಟರ್ ಎಳೆಯುವ ಕರೆಂಟ್ ಸಾಮಾನ್ಯವಾಗಿ 4ರಿಂದ 6 ಆಂಪಿಯರ್. ಬಹಳ ಹೆಚ್ಚಿದ್ದರೆ ಒಳಗೆ ಬಿಗಿಯಾಗಿದೆ ಅಥವಾ ಮುಂದಿನ ಫಿಲ್ಟರ್ ಕಟ್ಟಿಕೊಂಡಿದೆ.

ಈಗ ಮಾಲಿನ ವಿಚಾರ. ಹೆಸರುವಾಸಿ ಕಂಪನಿಯ ಬರೀ ಮೋಟರಿನ ಗುಣ ಚೆನ್ನಾಗಿಯೇ ಇರುತ್ತದೆ. ಎಷ್ಟೋ ಕಾರು ಕಂಪನಿಗಳ ಅಸೆಂಬ್ಲಿಯೊಳಗೆ ಇರುವುದೂ ಇಂಥ ತಯಾರಕರ ಮೋಟರೇ. ಅದರ ಬೆಲೆ ಅಸೆಂಬ್ಲಿಯ ಬೆಲೆಯ ಒಂದು ಪಾಲು ಮಾತ್ರ. ದೋಷ ಇರುವುದು ಅದನ್ನು ಕೂರಿಸುವ ಕೆಲಸದಲ್ಲಿ. ಹಳೆಯ ಚೌಕಟ್ಟಿನ ಪ್ಲಾಸ್ಟಿಕ್ ಕೊಂಡಿಗಳು ವರ್ಷಗಟ್ಟಲೆ ಪೆಟ್ರೋಲಿನಲ್ಲಿ ನೆನೆದು ಸೆಟೆದಿರುತ್ತವೆ, ಬಿಚ್ಚುವಾಗ ಪಟಕ್ಕೆಂದು ಮುರಿಯುತ್ತವೆ. ಮೋಟರಿನ ಬಾಯಿಯಿಂದ ಮುಚ್ಚಳದವರೆಗಿನ ಚಿಕ್ಕ ಹೋಸಿಗೆ ಮಾಮೂಲಿ ಪೆಟ್ರೋಲ್ ಪೈಪು ಹಾಕಿದರೆ ಕೆಲಸ ಕೆಟ್ಟಂತೆಯೇ. ಆ ಪೈಪು ಒಳಗಿನಿಂದ ಮಾತ್ರ ಪೆಟ್ರೋಲ್ ತಡೆಯಬಲ್ಲದು. ಮುಳುಗಿಸಿಟ್ಟರೆ ಹೊರಗಿನ ಪದರ ಊದಿ ಬಿರುಕು ಬಿಟ್ಟು ಒತ್ತಡ ಟ್ಯಾಂಕಿಗೇ ಸೋರುತ್ತದೆ. ಪೆಟ್ರೋಲಿನೊಳಗೆ ಮುಳುಗಿರಲೆಂದೇ ಮಾಡಿದ ಹೋಸಿನ ಮೇಲೆ ಎಸ್‌ಎಇ ಜೆ30 ಆರ್10 ಎಂದು ಅಚ್ಚಾಗಿರುತ್ತದೆ. ಅಂಗುಲಗಳ ಲೆಕ್ಕದ ತುಂಡು ಸಾಕು, ಆದರೆ ಅದೇ ಬೇಕು. ಜಾಲರಿಯೂ ಹೊಸದೇ ಆಗಿರಬೇಕು. ಹಳೆಯ ಜಾಲರಿ ತೊಳೆದು ಹಾಕಿದರೆ ಮೋಟರ್ ಉಸಿರುಗಟ್ಟಿ ಸಾಯುತ್ತದೆ, ವಾರಂಟಿಯ ಮಾತೆತ್ತಿದರೂ ಜಾಲರಿಯನ್ನೇ ಮೊದಲು ನೋಡುತ್ತಾರೆ.

ಪೂರಾ ಅಸೆಂಬ್ಲಿಯಲ್ಲಿ ಈ ತಲೆನೋವು ಯಾವುದೂ ಇಲ್ಲ. ಹಳೆಯ ಕಾರಿನಲ್ಲಿ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತಿದ್ದರೆ ಅದಕ್ಕೂ ಅಲ್ಲೇ ಮದ್ದು, ಫ್ಲೋಟಿನ ಸವೆದ ಪಟ್ಟಿಯೂ ಹೊಸದಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಊರಿನ ಅಂಗಡಿಯಲ್ಲಾಗಲಿ ಕೊಳ್ಳುವಾಗ ಹಳೆಯ ಪಂಪಿನ ಮೇಲಿನ ಪಾರ್ಟ್ ನಂಬರನ್ನು ಫೋಟೋ ತೆಗೆದುಕೊಂಡು ಹೋಗಿ. ಡಬ್ಬಿಯ ಹಾಲೋಗ್ರಾಂ ಮತ್ತು ಎಂಆರ್‌ಪಿ ಚೀಟಿಯ ಜೊತೆಗೆ ಪಂಪಿನ ಮೈಮೇಲೂ ನಂಬರ್ ಕೊರೆದಿದೆಯೇ ನೋಡಿ, ಬಿಲ್ಲಿನಲ್ಲಿ ಅದೇ ನಂಬರ್ ಬರೆಸಿ. ಬಿಳಿ ಡಬ್ಬಿಯ ಮೋಟರಿಗೆ ಒತ್ತಡದ ಅಂಕಿಯಿಲ್ಲ, ತಯಾರಿಸಿದವರ ಗುರುತಿಲ್ಲ. ಗೇಜಿನಲ್ಲಿ ಮೊದಲ ದಿನ ಸರಿ ತೋರಿಸಿದರೂ ಬಿಸಿಯಲ್ಲಿ ಎಷ್ಟು ದಿನ ತಾಳುತ್ತದೆ ಎಂದು ಕೇಳಲು ಯಾರೂ ಸಿಗುವುದಿಲ್ಲ.

ಜೋಡಣೆ. ಹ್ಯುಂಡೈ ಐ10ನಂಥ ಕಾರುಗಳಲ್ಲಿ ಹಿಂದಿನ ಸೀಟಿನ ಮೆತ್ತೆ ಎತ್ತಿದರೆ ಪಂಪಿನ ಮುಚ್ಚಳ ಕಾಣುತ್ತದೆ. ಕೆಲವು ಕಾರುಗಳಲ್ಲಿ ಆ ಕಿಂಡಿ ಇಲ್ಲ, ಟ್ಯಾಂಕನ್ನೇ ಇಳಿಸಬೇಕು. ಮಜೂರಿ ಮಾತಾಡುವ ಮೊದಲು ಇದನ್ನು ಕೇಳಿಕೊಳ್ಳಿ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರಲಿ. ಪಂಪಿನ ರಿಲೇ ಕಿತ್ತು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಒತ್ತಡ ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳ ತೆರೆದಿಡಿ. ಸುತ್ತಮುತ್ತ ಬೀಡಿ, ಸಿಗರೇಟು, ಹಳೆಯ ಟ್ರಬಲ್ ಲೈಟು ಯಾವುದೂ ಇರಕೂಡದು, ಕೈಗೆಟುಕುವಲ್ಲಿ ಒಣ ಪುಡಿಯ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಮುಚ್ಚಳದ ಸುತ್ತಲಿನ ಧೂಳನ್ನು ವ್ಯಾಕ್ಯೂಮ್ ಮಾಡಿಯೇ ಮುಂದುವರಿಯಬೇಕು. ಅಲ್ಲಿ ಬಿದ್ದ ಮಣ್ಣು ನೇರ ಹೊಸ ಜಾಲರಿಗೆ ಹೋಗುತ್ತದೆ. ಪಂಪನ್ನು ಟ್ಯಾಂಕಿಗೆ ಬಿಗಿದಿಡುವ ಲಾಕ್ ರಿಂಗನ್ನು ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯುವುದು ಕಿಡಿಗೆ ಆಹ್ವಾನ. ಹಿತ್ತಾಳೆ ಅಥವಾ ಮರದ ತುಂಡು ಬಳಸಬೇಕು. ಪಂಪನ್ನು ನೇರ ಮೇಲಕ್ಕೆಳೆಯದೆ ಓರೆಯಾಗಿ ತೆಗೆದರೆ ಫ್ಲೋಟಿನ ತಂತಿ ಬಾಗುವುದಿಲ್ಲ. ಟ್ಯಾಂಕಿನ ತಳದಲ್ಲಿ ಕೆಸರೋ ನೀರೋ ಕಂಡರೆ ಅದನ್ನು ಪೂರ್ತಿ ಖಾಲಿ ಮಾಡಿ ಒರೆಸಿದ ಮೇಲೆಯೇ ಹೊಸದು ಕೂರಿಸಿ.

ಪಂಪಿಗೂ ಟ್ಯಾಂಕಿಗೂ ನಡುವೆ ಸೋರಿಕೆ ತಡೆಯುವ ರಬ್ಬರ್ ರಿಂಗ್ ಪ್ರತಿ ಸಲವೂ ಹೊಸದು. ಸೋರಿಕೆ ನಿಲ್ಲಲೆಂದು ಸಿಲಿಕಾನ್ ಗಮ್ ಹಚ್ಚುವುದು ನಮ್ಮ ಗ್ಯಾರೇಜುಗಳ ಕೆಟ್ಟ ಚಾಳಿ: ಪೆಟ್ರೋಲಿಗೆ ಅದು ಮೆತ್ತಗಾಗಿ ಚೂರುಚೂರಾಗಿ ಉದುರಿ ಜಾಲರಿ ಮುಚ್ಚುತ್ತದೆ. ಟ್ಯಾಂಕಿನೊಳಗಿನ ವೈರಿಗೆ ಮಾಮೂಲಿ ಟೇಪು ಸುತ್ತಲೇಬಾರದು. ಹೊಸ ಮೋಟರನ್ನು ಹೊರಗೆ ಬ್ಯಾಟರಿಗೆ ಕೊಟ್ಟು ‘ತಿರುಗುತ್ತಾ ನೋಡೋಣ’ ಎನ್ನುವುದನ್ನೂ ತಡೆಯಿರಿ. ಒಳಗಿನ ಭಾಗಗಳಿಗೆ ಜಾರುಗುಣವೂ ತಂಪೂ ಸಿಗುವುದು ಪೆಟ್ರೋಲಿನಿಂದಲೇ, ಒಣಗಿ ತಿರುಗಿದರೆ ಗೀರು ಬೀಳುತ್ತದೆ. ಎಲ್ಲ ಕೂರಿಸಿದ ಮೇಲೆ ಚಾವಿ ಮೂರ್ನಾಲ್ಕು ಸಲ ಆನ್ ಮಾಡಿ ಪೈಪು ತುಂಬಿಸಿ, ಸೀಟಿನ ಕೆಳಗಿನ ಕಿಂಡಿ ತೆರೆದಿರುವಾಗಲೇ ಇಂಜಿನ್ ಓಡಿಸಿ ಸೋರಿಕೆ ನೋಡಿ, ಆಮೇಲೆ ಸೀಟು ಕೂರಿಸಿ. ಮರುದಿನ ಟ್ಯಾಂಕ್ ತುಂಬಿಸಿದಾಗ ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ರಿಂಗ್ ಮಡಚಿಕೊಂಡಿದೆ ಎಂದರ್ಥ, ಅದೇ ದಿನ ಬಿಚ್ಚಿಸಿ.

ಸಿಎನ್‌ಜಿ ಹಾಕಿಸಿಕೊಂಡವರಿಗೆ ಒಂದು ಮಾತು. ಗ್ಯಾಸಿನಲ್ಲೇ ಓಡುತ್ತೇವೆಂದು ಪೆಟ್ರೋಲ್ ಟ್ಯಾಂಕನ್ನು ತಳ ಕಾಣಿಸುವಂತೆ ಬಿಟ್ಟರೆ, ಗ್ಯಾಸಿನಲ್ಲೂ ಪಂಪು ತಿರುಗುತ್ತಲೇ ಇರುವ ಕಿಟ್‌ಗಳಲ್ಲಿ ಮೋಟರ್ ಬಿಸಿಯಲ್ಲೇ ಬೇಯುತ್ತದೆ. ಟ್ಯಾಂಕಿನಲ್ಲಿ ಯಾವಾಗಲೂ ಕಾಲು ಭಾಗ ಇರಲಿ, ವಾರಕ್ಕೊಮ್ಮೆ ಹತ್ತಾರು ಕಿಲೋಮೀಟರ್ ಪೆಟ್ರೋಲಿನಲ್ಲಿ ಓಡಿಸಿ. ಈಗ ಬಂಕಿನಲ್ಲಿ ಬರುವುದು ಇ20, ಅಂದರೆ ಶೇ. 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್, ಅದರ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ನೀರು ಮಿತಿ ಮೀರಿದರೆ ಎಥನಾಲ್ ಸಮೇತ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಪಂಪಿನ ಜಾಲರಿ ಇರುವುದೂ ಆ ತಳದಲ್ಲೇ. 2023ರ ಏಪ್ರಿಲ್‌ಗಿಂತ ಹಿಂದಿನ ಕಾರಿಗೆ ಹೊಸ ಪಂಪು ಕೊಳ್ಳುವಾಗ ಮೋಟರ್, ಹೋಸು, ರಿಂಗು ಮೂರೂ ಇ20ಗೆ ಒಗ್ಗುವಂಥವೇ ಎಂದು ಅಂಗಡಿಯವರನ್ನು ಕೇಳಿ, ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿಯೇ ತೆಗೆದುಕೊಳ್ಳಿ.